ನೆರೆಮನೆಯ ಕೂಗು

ಧ್ವನಿವರ್ಧಕದ ಅಬ್ಬರವು ಕೇವಲ ನಿದ್ರಾಭಂಗದ ವಿಷಯವೆಂದು ತಿಳಿದವರುಂಟು. 1998ರ ಜನವರಿಯ ಪತ್ರಿಕೆಗಳಲ್ಲಿ ಒಂದು ಸುದ್ದಿ ಬಂದಿತು. ಅತ್ಯಾಚಾರಕ್ಕೆ ಸಿಲುಕಿದ 13 ವರ್ಷದ ಬಾಲಿಕೆಯ ಕೂಗು, ನೆರೆಯ ಧ್ವನಿವರ್ಧಕದ ಸಂಗೀತದಲ್ಲಿ ಯಾರಿಗೂ ಕೇಳಿಸಲಿಲ್ಲ. ಆ ಸಂಜೆ ಅವಳು ಬೆಂಕಿಗೆ ಮೈಯೊಡ್ಡಿ ಪ್ರಾಣಬಿಟ್ಟಳು. ಆ ದುರಂತವೇ ಪ್ರೇರಣೆಯಾಗಿ ಸಲ್ಲಿಸಲ್ಪಟ್ಟ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯವು 2005ರಲ್ಲಿ ತೀರ್ಪಿತ್ತು, ಇರುಳಿನ ಸದ್ದಿಗೆ ಕಡಿವಾಣ ಹಾಕಿತು.

2000ದ ಶಬ್ದಮಾಲಿನ್ಯ ನಿಯಮಗಳಂತೆ ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಕೂಡದು. ಉತ್ಸವಗಳಿಗೆಂದು ವರ್ಷದಲ್ಲಿ 15 ದಿನ ಮೀರದಂತೆ, ನಡುರಾತ್ರಿಯವರೆಗೆ ರಾಜ್ಯಸರ್ಕಾರವು ವಿನಾಯಿತಿ ನೀಡಬಹುದು. ವಾಸದ ಬಡಾವಣೆಗಳಲ್ಲಿ ಕಟ್ಟಡ ಕಟ್ಟುವ ಯಂತ್ರಗಳ ಸದ್ದನ್ನೂ 2010ರ ತಿದ್ದುಪಡಿಯು ಇರುಳಿನಲ್ಲಿ ನಿಷೇಧಿಸಿತು.

ಶಾಮಿಯಾನ ಹಾಕಿಸುವ ಗೃಹಸ್ಥರು ಗಡಿಯಾರವನ್ನೊಮ್ಮೆ ನೋಡಿ ಸದ್ದಡಗಿಸಿದರೆ, ನೆರೆಮನೆಯ ಕೂಗು ಅವರ ಕಿವಿಗೂ ಬಿದ್ದೀತು.