ಪರದೆಯ ದೃಶ್ಯವನ್ನು ಹಿಡಿದಿಡುವ ವಿದ್ಯೆ

ಗಣಕಯಂತ್ರದ ಪರದೆಯ ಮೇಲೆ ಕಾಣುವ ಯಾವ ದೃಶ್ಯವೂ ಅಲ್ಲಿ ನೆಲೆನಿಂತುದಲ್ಲ. ಸಾಮಾನ್ಯವಾದ ಪರದೆಯು ಸೆಕೆಂಡಿಗೆ 60 ಬಾರಿ ಹೊಸದಾಗಿ ಬರೆಯಲ್ಪಡುತ್ತಿರುವುದರಿಂದ, ನಾವು ಸ್ಥಿರವೆಂದು ಭಾವಿಸುವ ಪುಟವೂ ಕ್ಷಣಕ್ಷಣಕ್ಕೆ ಪುನಃ ಜನಿಸುತ್ತಿರುತ್ತದೆ. ಈ ಕ್ಷಣಿಕವಾದುದನ್ನು ಉಳಿಸಿಕೊಳ್ಳಲು ಮೊದಮೊದಲು ಪರದೆಯ ಇದಿರು ಕ್ಯಾಮೆರಾವನ್ನಿಡುವುದೇ ಸುಲಭಮಾರ್ಗವಾಗಿದ್ದಿತು. 1968ರ ಡಿಸೆಂಬರ್ 9ರಂದು ಡಗ್ಲಸ್ ಎಂಗೆಲ್‌ಬಾರ್ಟ್ ಅವರು ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಮೌಸ್ ಮೊದಲಾದ ನೂತನ ಸಾಧನಗಳನ್ನು ವಿದ್ವತ್ಸಭೆಯೊಂದರ ಮುಂದೆ ಪ್ರದರ್ಶಿಸಿದಾಗ, ಅದನ್ನು ಚಿತ್ರೀಕರಿಸಿಟ್ಟ ದೂರದೃಷ್ಟಿಯಿಂದಲೇ, ಅಂದು ಅವರ ಪರದೆಯ ಮೇಲೆ ಚಲಿಸಿದ ಅಕ್ಷರಗಳನ್ನು ನಾವು ಇಂದೂ ನೋಡಬಲ್ಲೆವು.

1981ರಲ್ಲಿ ಬಂದ ಐಬಿಎಂ ಪಿಸಿಯಲ್ಲಿ ಪ್ರಿಂಟ್ ಸ್ಕ್ರೀನ್ ಕೀಲಿಯನ್ನು ಶಿಫ್ಟ್‌ನೊಡನೆ ಒತ್ತಿದರೆ ಪರದೆಯ ಅಕ್ಷರಗಳು ಮುದ್ರಣಯಂತ್ರಕ್ಕೆ ಹೋಗುತ್ತಿದ್ದವು. ವಿಂಡೋಸ್ ಬಂದ ಮೇಲೆ ಅದೇ ಕೀಲಿಯು ಚಿತ್ರವನ್ನು ಕ್ಲಿಪ್‌ಬೋರ್ಡಿನಲ್ಲಿರಿಸಿ, ಬೇಕಾದೆಡೆ ಅಂಟಿಸಿಕೊಳ್ಳುವ ಅನುಕೂಲವನ್ನು ಒದಗಿಸಿತು. ಸ್ಕ್ರೀನ್‌ಶಾಟ್ ಎನ್ನಲಾಗುವ ಇಂತಹ ಪರದೆಯ ಚಿತ್ರವನ್ನು ತೆಗೆಯುವಲ್ಲಿ ಮಸೂರಕ್ಕೆ ಕೆಲಸವಿಲ್ಲ. ಪರದೆಯ ಪ್ರತಿಯೊಂದು ಬಿಂದುವಿಗೂ ಯಾವ ಬಣ್ಣವಿರಬೇಕೆಂಬ ಲೆಕ್ಕವು ಯಂತ್ರದ ಸ್ಮೃತಿಯಲ್ಲಿ ಮೊದಲೇ ಇರುವುದರಿಂದ, ಆ ಲೆಕ್ಕವನ್ನು ನಕಲು ಮಾಡಿಕೊಂಡರೆ ಸಾಕು. ಆದಕಾರಣ, ಪರದೆಯ ಫೋಟೋವನ್ನು ಫೋನಿನಿಂದ ತೆಗೆದಾಗ ಬರುವ ಪಟ್ಟೆಗಳೂ ಮಸುಕೂ ಇದರಲ್ಲಿ ಸುಳಿಯವು. ಪಿಎನ್‌ಜಿ ರೂಪದಲ್ಲಿ ಉಳಿಸಿದರಂತೂ ಒತ್ತಕ್ಷರದ ತುದಿಯೂ ಮಾಸದು.

ಚಲಿಸುವ ದೃಶ್ಯವನ್ನು ಹಿಡಿಯುವುದು ಇದಕ್ಕಿಂತ ಕಠಿನ. 1920ಕ್ಕೆ 1080ರ ಪರದೆಯಲ್ಲಿ 20 ಲಕ್ಷಕ್ಕೂ ಮೀರಿದ ಬಿಂದುಗಳಿವೆ. ಬಿಂದುವೊಂದಕ್ಕೆ ಮೂರು ಬೈಟ್‌ಗಳಂತೆ ಸೆಕೆಂಡಿಗೆ 30 ಚಿತ್ರಗಳನ್ನು ಇದ್ದಂತೆಯೇ ಶೇಖರಿಸುತ್ತ ಹೋದರೆ, ಒಂದೇ ನಿಮಿಷದ ದೃಶ್ಯವು ಸುಮಾರು 11 ಜಿಬಿಯಷ್ಟು ಸ್ಥಳವನ್ನು ನುಂಗಿಬಿಡುತ್ತದೆ. ಈ ಭಾರವನ್ನು ಇಳಿಸಿದುದು ಸಂಕೋಚನ ವಿಧಾನ. 2003ರಲ್ಲಿ ಅಂಗೀಕೃತವಾದ ಎಚ್.264 ಮೊದಲಾದ ಪದ್ಧತಿಗಳು ಒಂದು ಚಿತ್ರವನ್ನು ಪೂರ್ಣವಾಗಿ ಬರೆದುಕೊಂಡು, ಮುಂದಿನವುಗಳಲ್ಲಿ ಬದಲಾದ ಭಾಗವನ್ನೇ ಮುಖ್ಯವಾಗಿ ಗುರುತಿಸುತ್ತವೆ. ಗಣಕದ ಪರದೆಯಲ್ಲಿ ಬಹುವೇಳೆ ಬದಲಾಗುವುದು ಮೌಸಿನ ಬಾಣ ಹಾಗೂ ಹೊಸದಾಗಿ ಮೂಡುವ ಒಂದೆರಡು ಅಕ್ಷರಗಳು ಮಾತ್ರವಾದುದರಿಂದ, ದೀರ್ಘವಾದ ಪಾಠವೂ ಸಣ್ಣ ಕಡತದಲ್ಲಿ ಅಡಗುತ್ತದೆ.

ಇಂದು ಪರದೆಯ ದೃಶ್ಯವನ್ನು ಹಿಡಿಯುವ ಸಾಧನಗಳಿಗಾಗಿ ಪ್ರತ್ಯೇಕವಾಗಿ ಹಣ ತೆರಬೇಕಾಗಿಲ್ಲ. ವಿಂಡೋಸ್ ಕೀಲಿ, ಶಿಫ್ಟ್ ಮತ್ತು ಎಸ್ ಇವನ್ನು ಒಟ್ಟಿಗೆ ಒತ್ತಿದರೆ ಬೇಕಾದಷ್ಟೇ ಭಾಗವನ್ನು ಕತ್ತರಿಸಿಕೊಳ್ಳಬಹುದು. ಮ್ಯಾಕ್‌ನಲ್ಲಿ 2018ರಿಂದ ಕಮಾಂಡ್, ಶಿಫ್ಟ್ ಮತ್ತು 5 ಒತ್ತಿದರೆ ಚಿತ್ರ, ವಿಡಿಯೋ ಎರಡೂ ದೊರೆಯುತ್ತವೆ. ಐಫೋನಿನಲ್ಲಿ 2017ರಿಂದಲೂ, ಆಂಡ್ರಾಯ್ಡ್‌ನಲ್ಲಿ 2020ರ 11ನೆಯ ಆವೃತ್ತಿಯಿಂದಲೂ ಸ್ಕ್ರೀನ್ ರೆಕಾರ್ಡಿಂಗ್ ಸೌಲಭ್ಯವು ಅಡಕವಾಗಿದೆ. ವಿಸ್ತಾರವಾದ ಪಾಠವನ್ನು ಸಿದ್ಧಪಡಿಸುವವರಿಗೆ ಒಬಿಎಸ್ ಸ್ಟುಡಿಯೋ ಎಂಬ ಮುಕ್ತ ತಂತ್ರಾಂಶವಿದೆ.

ಈ ವಿದ್ಯೆಯ ನಿಜವಾದ ಸಾರ್ಥಕ್ಯವು ಬೋಧನೆಯಲ್ಲಿದೆ. ಮುಂಬಯಿ ಐಐಟಿಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯು, ಪ್ರಾಧ್ಯಾಪಕ ಕಣ್ಣನ್ ಮೌದ್ಗಲ್ಯ ಅವರ ನೇತೃತ್ವದಲ್ಲಿ, ಮುಕ್ತ ತಂತ್ರಾಂಶಗಳ ಬಳಕೆಯನ್ನು ಸುಮಾರು ಹತ್ತು ಹತ್ತು ನಿಮಿಷಗಳ ಸ್ಕ್ರೀನ್ ರೆಕಾರ್ಡಿಂಗ್ ಪಾಠಗಳಾಗಿ ರಚಿಸಿ, ದೃಶ್ಯವನ್ನು ಹಾಗೆಯೇ ಉಳಿಸಿಕೊಂಡು, ಧ್ವನಿಯನ್ನು ಕನ್ನಡವೂ ಸೇರಿದಂತೆ ಹಲವು ಭಾರತೀಯ ಭಾಷೆಗಳಲ್ಲಿ ಅಳವಡಿಸಿದೆ. ಪರದೆಯ ಒಂದು ಬದಿಯಲ್ಲಿ ಪಾಠವನ್ನೂ ಮತ್ತೊಂದು ಬದಿಯಲ್ಲಿ ತಂತ್ರಾಂಶವನ್ನೂ ತೆರೆದುಕೊಂಡು, ಕೇಳಿದುದನ್ನು ಕೂಡಲೇ ಮಾಡಿ ನೋಡುವ ವಿದ್ಯಾರ್ಥಿಗೆ, ತಿಳಿಯದಲ್ಲಿ ನಿಲ್ಲಿಸಿ ಮತ್ತೊಮ್ಮೆ ನೋಡುವ ಸ್ವಾತಂತ್ರ್ಯವಿದೆ. ಇಂಗ್ಲಿಷಿನ ಮೆನು ಕಣ್ಣೆದುರಿಗಿದ್ದರೂ ಅದರ ವಿವರಣೆ ಕನ್ನಡದಲ್ಲಿ ಕಿವಿಗೆ ಬೀಳುವುದರಿಂದ, ಭಾಷೆಯ ಭಯವು ವಿದ್ಯೆಗೆ ಅಡ್ಡಬಾರದು.

ಸಾಮರ್ಥ್ಯವಿರುವೆಡೆ ವಿವೇಕವೂ ಇರತಕ್ಕದ್ದು. ರೆಕಾರ್ಡಿಂಗ್ ಆರಂಭಿಸುವ ಮುನ್ನ ಖಾತೆಯ ಸಂಖ್ಯೆ, ಪಾಸ್‌ವರ್ಡ್, ನಡುವೆ ಇಣುಕುವ ಸಂದೇಶ ಇವುಗಳನ್ನು ಮರೆಮಾಡಬೇಕು. ಮತ್ತೊಬ್ಬರು ನಂಬಿ ಬರೆದ ಮಾತನ್ನು ಅವರ ಸಮ್ಮತಿಯಿಲ್ಲದೆ ಹಂಚಬಾರದು. ಹಲವು ಬ್ಯಾಂಕ್ ಆ್ಯಪ್‌ಗಳು ಸ್ಕ್ರೀನ್‌ಶಾಟನ್ನೇ ತಡೆಯುವುದು ಗ್ರಾಹಕರ ರಕ್ಷಣೆಗಾಗಿ. ಚಿತ್ರವನ್ನು ತಿದ್ದುವುದು ಸುಲಭವಾದುದರಿಂದ ನ್ಯಾಯಾಲಯವೂ ಅದನ್ನು ಕಣ್ಣುಮುಚ್ಚಿ ಒಪ್ಪದು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಪ್ರಕರಣವು ಇಂತಹ ವಿದ್ಯುನ್ಮಾನ ದಾಖಲೆಯೊಡನೆ ಪ್ರಮಾಣಪತ್ರವನ್ನು ಅಪೇಕ್ಷಿಸುತ್ತದೆ.

ಪಹಣಿ ಪಡೆಯುವ ಕ್ರಮ, ಯುನಿಕೋಡ್‌ನಲ್ಲಿ ಕನ್ನಡವನ್ನು ಬೆರಳಚ್ಚಿಸುವ ರೀತಿ, ವಿದ್ಯಾರ್ಥಿವೇತನದ ಅರ್ಜಿ ತುಂಬುವ ಬಗೆ ಇವುಗಳನ್ನು ಬಲ್ಲ ಉಪಾಧ್ಯಾಯರೂ ನೌಕರರೂ ತಮ್ಮ ಬಿಡುವಿನಲ್ಲಿ, ಸ್ಪಷ್ಟವಾದ ಕನ್ನಡದಲ್ಲಿ, ಐದು ನಿಮಿಷದ ಪಾಠವೊಂದನ್ನು ರೆಕಾರ್ಡ್ ಮಾಡಿಕೊಟ್ಟರೆ, ಅವರನ್ನು ಎಂದೂ ಕಾಣದ ನೂರಾರು ಮಂದಿಗೆ ಅದು ಗುರುವಾದೀತು. ಬಲ್ಲವರು ಈ ಕಾರ್ಯಕ್ಕೆ ಮುಂದಾಗಬೇಕು.