ಹಳೆಯ ಸ್ಪೀಕರ್ ಕೊಳ್ಳುವ ಮುನ್ನ

ಭೀಮಸೇನ ಜೋಶಿ, ಮಲ್ಲಿಕಾರ್ಜುನ ಮನಸೂರರ ಎಲ್.ಪಿ. ತಟ್ಟೆಗಳನ್ನು ಊರಿನ ಮನೆಯಿಂದ ತಂದಿಟ್ಟುಕೊಂಡಿರುವ ಮಿತ್ರರು ನಮ್ಮ ವಾಚನಾಲಯಕ್ಕೆ ಬರುವವರಲ್ಲಿ ಕೆಲವರಿದ್ದಾರೆ. ತಟ್ಟೆ ಇದೆ, ತಿರುಗಿಸುವ ಯಂತ್ರವೂ ಹೇಗೋ ಸಿಕ್ಕಿದೆ, ಆದರೆ ಕೇಳಲು ಯೋಗ್ಯವಾದ ಸ್ಪೀಕರ್ ಇಲ್ಲ ಎಂಬುದು ಅವರ ತಕರಾರು. ಹೊಸತು ಕೊಳ್ಳಹೋದರೆ ಪಗಾರ ಸಾಲದು. ಹೀಗಿರಲು ಹಳೆಯ ಜೋಡಿಯ ಕಡೆಗೆ ಮನಸ್ಸು ಹೋಗುವುದು ಸಹಜವೇ. ಹೋಗಲಿ. ಆದರೆ ಏನನ್ನು ನೋಡಿ ಹಣ ಕೊಡಬೇಕೆಂಬುದನ್ನು ಮೊದಲು ತಿಳಿದುಕೊಂಡು ಹೋಗತಕ್ಕದ್ದು.

ಖಾರಘರದಿಂದ ಹಾರ್ಬರ್ ಗಾಡಿ ಹತ್ತಿ ಸ್ಯಾಂಡ್‌ಹರ್ಸ್ಟ್ ರೋಡಿನಲ್ಲಿ ಇಳಿದರೆ ಚೋರ ಬಜಾರದ ಮಟನ್ ಸ್ಟ್ರೀಟು ಕಾಲ್ನಡಿಗೆಯ ದೂರ. ಶುಕ್ರವಾರ ಅಲ್ಲಿನ ಅಂಗಡಿಗಳಿಗೆ ರಜೆ. ಫಿಲಿಪ್ಸ್, ಕಾಸ್ಮಿಕ್, 1970ರಲ್ಲಿ ಕಲಕತ್ತೆಯಲ್ಲಿ ಆರಂಭವಾದ ಸೊನೊಡೈನ್, ಜತೆಗೆ ಕೊಲ್ಲಿ ದೇಶಗಳಿಂದ ಬಂದ ಜಪಾನಿ ಪೆಟ್ಟಿಗೆಗಳು, ಇವೆಲ್ಲ ಹಳೆಯ ಸಾಮಾನಿನವರ ಬಳಿ ಆಗಾಗ ಕಾಣಸಿಗುತ್ತವೆ. ದುರುಸ್ತಿಗೆ ಬೇಕಾದ ಬಿಡಿಭಾಗಗಳಿಗೆ ಗ್ರಾಂಟ್ ರೋಡ್ ಸ್ಟೇಶನ್ನಿನ ಹತ್ತಿರದ ಲ್ಯಾಮಿಂಗ್ಟನ್ ರೋಡೇ ಗತಿ.

ಅರ್ಧ ಶತಮಾನ ಹಳೆಯದಾದ ವಸ್ತು ಈಗ ಕೆಲಸಕ್ಕೆ ಬಂದೀತೇ ಎಂದು ಅನುಮಾನಿಸಬೇಕಾಗಿಲ್ಲ. 1925ರಲ್ಲಿ ಅಮೇರಿಕೆಯ ರೈಸ್ ಮತ್ತು ಕೆಲಾಗ್ ಎಂಬಿಬ್ಬರು ರೂಪಿಸಿ ತೋರಿಸಿದ ವಿಧಾನವನ್ನೇ ಇಂದಿನ ಬಹುತೇಕ ಸ್ಪೀಕರ್‌ಗಳೂ ಅನುಸರಿಸುತ್ತವೆ. ಅಯಸ್ಕಾಂತದ ಸಂದಿನಲ್ಲಿ ಒಂದು ತಂತಿಯ ಸುರುಳಿ. ಅದಕ್ಕೆ ಅಂಟಿದ, ಆಲಿಕೆಯಂಥ ಕಾಗದದ ಕೋನು. ವಿದ್ಯುತ್ತು ಹರಿದಂತೆ ಸುರುಳಿ ಹಿಂದೆ ಮುಂದೆ ಅಲುಗುತ್ತದೆ, ಕೋನು ಗಾಳಿಯನ್ನು ತಳ್ಳುತ್ತದೆ, ನಮಗೆ ಹಾಡು ಕೇಳುತ್ತದೆ. ಅಯಸ್ಕಾಂತ ಬಹುಕಾಲ ಬಾಳುತ್ತದೆ. ನೀರು, ಇಲಿ, ಜಿರಲೆ ತಾಗದಿದ್ದರೆ ಕಾಗದವೂ ಬಾಳುತ್ತದೆ. ಮೊದಲು ಹಾಳಾಗುವುದು ಕೋನಿನ ಸುತ್ತಲೂ ಇರುವ ಮೆತ್ತನೆಯ ಅಂಚು.

ಈ ಅಂಚನ್ನು ಮೊದಮೊದಲು ಬಟ್ಟೆ ಇಲ್ಲವೆ ಮಡಿಕೆಯ ಕಾಗದದಿಂದ ಮಾಡುತ್ತಿದ್ದರು. 1970ರ ದಶಕದಲ್ಲಿ ಫೋಮಿನ ಬಳಕೆ ಹೆಚ್ಚಾಯಿತು. ಫೋಮಿನಿಂದ ಮಂದ್ರಸ್ವರ ಚೆನ್ನಾಗಿ ಬರುತ್ತದೆ, ನಿಜ. ಆದರೆ ಸ್ಪೀಕರನ್ನು ಬಳಸಲಿ ಬಿಡಲಿ, ಹದಿನೈದು ಇಪ್ಪತ್ತು ವರ್ಷಗಳಲ್ಲಿ ಅದು ತಾನೇ ಕೊಳೆಯುತ್ತದೆ. ಗಾಳಿಯ ತೇವವೇ ಅದರ ಶತ್ರು. ಖಾಡಿಯ ದಂಡೆಯಲ್ಲಿ ನಾಲ್ಕು ತಿಂಗಳು ಮಳೆಗಾಲ ಕಳೆಯುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ರಬ್ಬರಿನ ಅಂಚು, ಬಟ್ಟೆಯ ಅಂಚು ಇದಕ್ಕಿಂತ ಎಷ್ಟೋ ಗಟ್ಟಿ.

ನಾನು ಕೊಂಡ ಮೊದಲ ಜೋಡಿಯಲ್ಲಿ ಇದನ್ನು ನೋಡಲಿಲ್ಲ. ಸಾಗವಾನಿ ಹೊಳಪು ನೋಡಿ ಅರ್ಧ ತಿಂಗಳ ಪಗಾರ ಎಣಿಸಿಕೊಟ್ಟೆ. ಆ ಸಂಜೆಯೇ ತಂಬೂರಿಯ ಜಾಗದಲ್ಲಿ ಜೀರುಂಡೆ ಕೂಗಿತು. ಮುಂದಿನ ಬಟ್ಟೆ ಬಿಚ್ಚಿದರೆ ಒಂದು ಪೆಟ್ಟಿಗೆಯಲ್ಲಿ ಅಂಚು ಬೂದಿಯಂತೆ ಉದುರಿತ್ತು. ಇನ್ನೊಂದರಲ್ಲಿ ಮೂಲದ ಸ್ಪೀಕರನ್ನೇ ಕಿತ್ತು ಮೋಟಾರು ಗಾಡಿಯದನ್ನು ಕೂಡಿಸಿದ್ದರು. "ಪೆಟ್ಟಿಗೆ ಗಟ್ಟಿಯಿದೆ, ಮೇಲೆ ಟಿ.ವಿ. ಇಡಬಹುದು" ಎಂದಳು ಮನೆಯಾಕೆ.

ಆದ್ದರಿಂದ ಅಂಗಡಿಯಲ್ಲೇ ಮುಂದಿನ ಬಟ್ಟೆಯ ಚೌಕಟ್ಟನ್ನು ತೆಗೆಸಿರಿ. ತೆಗೆಯಲೊಪ್ಪದವನೊಡನೆ ವ್ಯವಹಾರವೇ ಬೇಡ. ಎರಡು ಪೆಟ್ಟಿಗೆಗಳಲ್ಲೂ ಒಂದೇ ನಮೂನೆಯ ಸ್ಪೀಕರ್ ಇದೆಯೇ ನೋಡಿರಿ. ತಿರುಪಿನ ತಲೆ ಸವೆದಿದ್ದರೆ ಯಾರೋ ಹಿಂದೆ ಬಿಚ್ಚಿದ್ದಾರೆಂದು ತಿಳಿಯತಕ್ಕದ್ದು. ಕೋನಿನ ಎರಡು ಬದಿಗೂ ಬೆರಳಿಟ್ಟು ಸಮನಾಗಿ, ಹಗುರವಾಗಿ ಒತ್ತಿರಿ. ಸದ್ದಿಲ್ಲದೆ ಒಳಹೋಗಿ ಹೊರಬಂದರೆ ಸುರುಳಿ ನೆಟ್ಟಗಿದೆ. ಗರಗರ ಉಜ್ಜಿದರೆ ಬಿಟ್ಟುಬಿಡಿ. ಅಂಚು ಕೊಳೆತಿದ್ದರೆ ಬೆಲೆ ಇಳಿಸಿ ಕೇಳಬಹುದು, ಆದರೆ ಸುರುಳಿ ಉಜ್ಜುವುದನ್ನು ಪುಕ್ಕಟೆ ಕೊಟ್ಟರೂ ಒಯ್ಯಬಾರದು. ಇವೆರಡರ ಭೇದ ತಿಳಿಯದೆ ಎಷ್ಟೋ ಜನ ಒಳ್ಳೆಯದನ್ನು ಬಿಟ್ಟು ಕೆಟ್ಟದ್ದನ್ನು ಹೊತ್ತು ತರುತ್ತಾರೆ.

ಜೇಬಿನಲ್ಲಿ 1.5 ವೋಲ್ಟಿನ ಒಂದು ಸೆಲ್ಲು, ಎರಡು ತುಂಡು ತಂತಿ, ಒಂದು ಮೀಟರು ಇರಲಿ. ಸೆಲ್ಲಿನ ತಂತಿಗಳನ್ನು ಪೆಟ್ಟಿಗೆಯ ಹಿಂದಿನ ತುದಿಗಳಿಗೆ ಕ್ಷಣಮಾತ್ರ ತಾಗಿಸಿದರೆ ದೊಡ್ಡ ಕೋನು ಟಕ್ಕೆಂದು ಅಲುಗಬೇಕು. 8 ಓಮಿನ ಸ್ಪೀಕರ್ ಮೀಟರಿನಲ್ಲಿ ಸುಮಾರು 5.5ರಿಂದ 7 ಓಮ್ ತೋರಿಸುತ್ತದೆ, ಇದು ದೋಷವಲ್ಲ. ಏನೂ ತೋರಿಸದಿದ್ದರೆ ತಂತಿ ತುಂಡಾಗಿದೆ. ತಾರಸ್ವರದ ಚಿಕ್ಕ ಸ್ಪೀಕರಿನ ಪರೀಕ್ಷೆ ಹೀಗೆ ಆಗದು, ಹಾಡು ಹಾಕಿಸಿ ಕಿವಿಯಿಟ್ಟೇ ಕೇಳಬೇಕು. ಪೆಟ್ಟಿಗೆಯನ್ನು ಹಲಸಿನ ಹಣ್ಣು ಬಡಿದು ನೋಡುವಂತೆ ಬೆರಳಗಂಟಿನಿಂದ ಬಡಿಯಿರಿ. ಭೂಸಾಹಲಗೆ ನೀರು ಕುಡಿದು ಉಬ್ಬಿದ್ದರೆ ಅದು ದುರುಸ್ತಿಯಾಗುವ ಮಾತಲ್ಲ.

ಇನ್ನೊಂದು ಎಚ್ಚರಿಕೆ. ಗುಡಿ, ಸಭಾಮಂಟಪಗಳಿಂದ ಕಳಚಿ ತಂದ ಉದ್ದನೆಯ ಕಂಬದಂಥ ಸ್ಪೀಕರ್‌ಗಳು ಅಗ್ಗವಾಗಿ ಸಿಗುತ್ತವೆ. ಅವುಗಳಲ್ಲಿ ಅನೇಕವು 100 ವೋಲ್ಟಿನ ಲೈನಿಗಾಗಿ ಟ್ರಾನ್ಸ್‌ಫಾರ್ಮರ್ ಕೂಡಿಸಿದಂಥವು. ಮನೆಯ ಆಂಪ್ಲಿಫೈಯರಿಗೆ ಅವು ಹೊಂದುವುದಿಲ್ಲ.

ಅಂಚನ್ನು ಹೊಸದಾಗಿ ಹಾಕುವ ಕೆಲಸ ತಾಳ್ಮೆಯುಳ್ಳವರಿಗೆ ಮನೆಯಲ್ಲೇ ಸಾಧ್ಯ. ಕೋನಿನ ವ್ಯಾಸ, ಚೌಕಟ್ಟಿನ ವ್ಯಾಸ ಎರಡನ್ನೂ ಅಳೆದು ಅದಕ್ಕೊಪ್ಪುವ ಅಂಚು ತರಬೇಕು. ಹಳೆಯ ಫೋಮನ್ನೂ ಅಂಟನ್ನೂ ಮೆಲ್ಲಗೆ ಕೆರೆದು ತೆಗೆಯಬೇಕು, ಕಾಗದ ಹರಿಯಬಾರದು. ಹೊಸ ಅಂಚನ್ನು ಮೊದಲು ಕೋನಿಗೆ ಅಂಟಿಸಿ ಒಣಗಬಿಡಿ. ಆಮೇಲೆ ಚೌಕಟ್ಟಿಗೆ. ಈ ಎರಡನೆಯ ಹಂತದಲ್ಲೇ ಬಹಳ ಜನ ಕೆಡಿಸಿಕೊಳ್ಳುವುದು, ಏಕೆಂದರೆ ಕೋನು ಕೂದಲೆಳೆಯಷ್ಟು ಪಕ್ಕಕ್ಕೆ ಸರಿದರೂ ಸುರುಳಿ ಉಜ್ಜತೊಡಗುತ್ತದೆ. ನಡುವಿನ ಧೂಳುಟೊಪ್ಪಿಯನ್ನು ಬಿಡಿಸಿ, ಸುರುಳಿಗೂ ಅದರೊಳಗಿನ ಕಬ್ಬಿಣದ ಕಂಬಕ್ಕೂ ನಡುವೆ ಹಳೆಯ ಫೋಟೋ ಫಿಲ್ಮಿನ ಸಣ್ಣ ಪಟ್ಟಿಗಳನ್ನು ಸುತ್ತಲೂ ತೂರಿಸಿದರೆ ಅದು ನಟ್ಟನಡುವೆ ನಿಲ್ಲುತ್ತದೆ. ಅಂಟು ಒಣಗಲು ಒಂದು ಹಗಲು ಒಂದು ರಾತ್ರಿ ಬಿಟ್ಟು ಪಟ್ಟಿಗಳನ್ನು ಎಳೆದು, ಟೊಪ್ಪಿಯನ್ನು ಮರಳಿ ಅಂಟಿಸಿರಿ. ಮಳೆಗಾಲವಾದರೆ ಇನ್ನೊಂದು ದಿನ ಕಾಯುವುದು ಮೇಲು.

ಪೆಟ್ಟಿಗೆಯೊಳಗೆ ಮಂದ್ರ, ತಾರಗಳನ್ನು ಬೇರ್ಪಡಿಸುವ ಕಂಡೆನ್ಸರ್‌ಗಳಿರುತ್ತವೆ. ಮೂವತ್ತು ನಲವತ್ತು ವರ್ಷಗಳಲ್ಲಿ ಅವು ಒಣಗಿ ಅಳತೆ ತಪ್ಪಿರುವ ಸಂಭವ ಹೆಚ್ಚು, ಆದುದರಿಂದ ಎರಡು ಪೆಟ್ಟಿಗೆಗಳಲ್ಲೂ ಒಟ್ಟಿಗೆ ಬದಲಾಯಿಸುವುದು ಲೇಸು. ಮೈಕ್ರೋಫ್ಯಾರಡ್ ಮೊದಲಿನಷ್ಟೇ, ವೋಲ್ಟು ಮೊದಲಿನಷ್ಟು ಇಲ್ಲವೆ ಹೆಚ್ಚು. ಅಂಗಡಿಯಲ್ಲಿ "ನಾನ್-ಪೋಲಾರ್" ಎಂದೇ ಕೇಳತಕ್ಕದ್ದು; ರೇಡಿಯೋದಲ್ಲಿ ಹಾಕುವ ಸಾಮಾನ್ಯ ಎಲೆಕ್ಟ್ರೋಲಿಟಿಕ್ ಇಲ್ಲಿ ಸಲ್ಲದು.

ಎಲ್ಲ ಮುಗಿದು ಹಾಡು ಹಾಕಿದಾಗ ಮಂದ್ರಸ್ವರವೇ ಇಲ್ಲದಂತೆ ತೋರಿದರೆ ಗಾಬರಿ ಬೇಡ. ಒಂದು ಪೆಟ್ಟಿಗೆಯ ತಂತಿಗಳು ಅದಲುಬದಲಾಗಿರುತ್ತವೆ: ಒಂದು ಕೋನು ಗಾಳಿಯನ್ನು ತಳ್ಳುವಾಗ ಇನ್ನೊಂದು ಎಳೆಯುತ್ತದೆ. ಆಂಪ್ಲಿಫೈಯರ್ ಆರಿಸಿ ತಂತಿಗಳನ್ನು ಕಳಚಿ, ಮತ್ತದೇ ಸೆಲ್ಲನ್ನು ಒಂದೊಂದು ಪೆಟ್ಟಿಗೆಗೂ ತಾಗಿಸಿ ನೋಡಿರಿ. ಎರಡೂ ಕೋನುಗಳು ಒಂದೇ ಕಡೆಗೆ ಅಲುಗುವಂತೆ ಗುರುತು ಹಾಕಿಕೊಂಡು ತಂತಿ ಜೋಡಿಸಿದರೆ ತಂಬೂರಿಯ ಖರಜ ಪುನಃ ಕೇಳಿಸುತ್ತದೆ.