ಅಂಗಳದ ಕೆಂಡ, ದಡದ ಕೆಂಡ

ಜೆರುಸಲೇಮಿನ ಸಿಯೋನ್ ಗುಡ್ಡದ ಪೂರ್ವದ ಇಳಿಜಾರಿನಲ್ಲಿ ಒಂದು ಚರ್ಚ್ ಇದೆ. ಅದರ ಮಾಡಿನ ಮೇಲೆ ಕರಿಯ ಶಿಲುಬೆ, ಶಿಲುಬೆಯ ತುದಿಯಲ್ಲಿ ಹೊಂಬಣ್ಣದ ಹುಂಜ. ಮಗ್ಗುಲಲ್ಲಿ ಕಿದ್ರೋನ್ ಕಣಿವೆಯತ್ತ ಇಳಿಯುವ ಹಳೆಯ ಕಲ್ಲುಮೆಟ್ಟಿಲುಗಳು. ಸೆರೆಸಿಕ್ಕ ಯೇಸುವನ್ನು ಈ ಮೆಟ್ಟಿಲುಗಳ ಮೇಲೆಯೇ ಕರೆತಂದರೆಂದು, ಪ್ರಧಾನಯಾಜಕ ಕಾಯಫನ ಮನೆ ಇಲ್ಲಿಯೇ ಇತ್ತೆಂದು ಯಾತ್ರಿಕರು ನಂಬುತ್ತಾರೆ. ಗುರುವನ್ನೇ ಅರಿಯೆನೆಂದ ಶಿಷ್ಯ ಪೇತ್ರನ ಹೆಸರಿನ ಚರ್ಚು ಇದು. ಅವನ ಸೋಲಿನ ಗುರುತನ್ನು ಎಲ್ಲರಿಗೂ ಕಾಣುವ ಎತ್ತರದಲ್ಲಿ ನಿಲ್ಲಿಸಿದ ಧರ್ಮಸಭೆಯ ಧೈರ್ಯಕ್ಕೆ ನಾನು ತಲೆಬಾಗುತ್ತೇನೆ. ನಾಲ್ಕು ಶುಭಸಂದೇಶಗಳಲ್ಲಿ ಒಂದೂ ಈ ಕತೆಯನ್ನು ಮುಚ್ಚಿಟ್ಟಿಲ್ಲ.

ಯೇಸು ಸೆರೆಸಿಕ್ಕ ಚಳಿಯ ರಾತ್ರಿ. ಆಳುಗಳು ಅಂಗಳದಲ್ಲಿ ಇದ್ದಲು ಉರಿಸಿ ಸುತ್ತ ನಿಂತಿದ್ದಾರೆ. ಅವರ ನಡುವೆ ಪೇತ್ರನೂ ಮೈ ಕಾಯಿಸಿಕೊಳ್ಳುತ್ತಿದ್ದಾನೆ. ಕೆಲವೇ ಗಂಟೆಗಳ ಹಿಂದೆ, ಪ್ರಾಣ ಹೋದರೂ ಕೈಬಿಡೆನೆಂದು ಮಾತು ಕೊಟ್ಟವನು. ನೀನು ಯೇಸುವಿನ ಶಿಷ್ಯನಲ್ಲವೇ ಎಂದು ಬಾಗಿಲು ಕಾಯುವ ಹುಡುಗಿ ಮುಖ ದಿಟ್ಟಿಸಿ ಕೇಳಿದಳು, ಅಲ್ಲವೆಂದ. ಇನ್ನೊಬ್ಬರು ಕೇಳಿದರು, ಅಲ್ಲವೆಂದ. ಗಲಿಲೇಯದ ಮಾತಿನ ಧಾಟಿ ಅವನನ್ನು ಹಿಡಿದುಕೊಟ್ಟಾಗ ಆಣೆಯಿಟ್ಟು ಅಲ್ಲವೆಂದ. ಯೇಸು ಮೊದಲೇ ಹೇಳಿದ್ದಂತೆ ಹುಂಜ ಕೂಗಿತು. ಆ ಗಳಿಗೆಯಲ್ಲಿ ಯೇಸು ತಿರುಗಿ ಪೇತ್ರನನ್ನು ನೋಡಿದರೆಂದು ಬರೆದವನು ಲೂಕನೊಬ್ಬನೇ. ಪೇತ್ರ ಹೊರಗೆ ಹೋಗಿ ಬಿಕ್ಕಿಬಿಕ್ಕಿ ಅತ್ತ.

ಯೇಸುವನ್ನು ಹಿಡಿದುಕೊಟ್ಟ ಶಿಷ್ಯ ಯೂದನಿಗೂ ಪಶ್ಚಾತ್ತಾಪವಾಗಿತ್ತು. 30 ಬೆಳ್ಳಿ ನಾಣ್ಯಗಳನ್ನು ಹಿಂದಕ್ಕೆ ತಂದ, ತಪ್ಪಾಯಿತೆಂದ. ನಮಗೇನಾಗಬೇಕು ಎಂದರು ಯಾಜಕರು. ನಾಣ್ಯ ಎಸೆದು ಒಂಟಿಯಾಗಿ ಹೋಗಿ ನೇಣು ಹಾಕಿಕೊಂಡ. ಪೇತ್ರನ ಕಣ್ಣೀರು ಇವನ ಸಂಕಟಕ್ಕಿಂತ ಹೆಚ್ಚು ನಿಜವಾಗಿತ್ತೆಂದು ನನಗೆ ಅನಿಸುವುದಿಲ್ಲ. ಆದರೆ ಪೇತ್ರ ತನ್ನವರ ಜೊತೆ ಉಳಿದ. ಹುಡುಕಿಕೊಂಡು ಬರುವವರಿಗೆ ಸಿಗುವಂತೆ ಉಳಿದ.

ಶಿಲುಬೆಯಲ್ಲಿ ಸತ್ತು ಮತ್ತೆ ಎದ್ದ ಯೇಸು ಅವನನ್ನು ಹುಡುಕಿಕೊಂಡು ಬಂದದ್ದು ಗಲಿಲೇಯದ ಸರೋವರಕ್ಕೆ. ಸಮುದ್ರಮಟ್ಟಕ್ಕಿಂತ ಸುಮಾರು 210 ಮೀಟರ್ ತಗ್ಗಿನಲ್ಲಿರುವ ಸಿಹಿನೀರು ಅದು. ಅಲ್ಲಿಯ ಹೆಸರಾಂತ ಮೀನು ನಮ್ಮ ಕೆರೆಗಳ ಜಿಲೇಬಿ ಮೀನಿನ ಬಳಗದ್ದು. ಹೋಟೆಲುಗಳಲ್ಲಿ ಅದನ್ನು ಸಂತ ಪೇತ್ರನ ಮೀನೆಂದೇ ಬಡಿಸುತ್ತಾರೆ. ವಾಯವ್ಯ ದಡದ ತಾಬ್ಗಾದಲ್ಲಿ, ನೀರಿಗೆ ತಾಗಿಕೊಂಡಂತೆ, 1933ರಲ್ಲಿ ಕಟ್ಟಿದ ಕರಿಗಲ್ಲಿನ ಪುಟ್ಟ ಚರ್ಚು. ಒಳಗೆ ಪೀಠದ ಮುಂದೆ ಒರಟು ಬಂಡೆ. ಯೇಸು ಶಿಷ್ಯರಿಗೆ ಊಟವಿಟ್ಟ ಜಾಗವೆಂದು ಜನ ಅದನ್ನು ಮುಟ್ಟಿ ಮೊಣಕಾಲೂರುತ್ತಾರೆ.

ಅಂದಿನ ಬೆಳಗು. ಬೆಳಕು ಹರಿಯುತ್ತಿದೆ. ದೋಣಿಯಲ್ಲಿ ಪೇತ್ರ ಸೇರಿ ಏಳು ಶಿಷ್ಯರು, ರಾತ್ರಿಯಿಡೀ ಬಲೆ ಬೀಸಿ ಬರಿಗೈ. ದಡದಲ್ಲಿ ನಿಂತವರು ಬಲಗಡೆ ಬೀಸಲು ಹೇಳಿದರು. ಎಳೆಯಲಾರದಷ್ಟು ಮೀನು. ಅವರು ಪ್ರಭುವೇ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಪೇತ್ರ ಮೇಲಂಗಿ ಸುತ್ತಿಕೊಂಡು ನೀರಿಗೆ ಹಾರಿದ. ದಡ ಇನ್ನೂ 90 ಮೀಟರಿನಷ್ಟು ದೂರವಿತ್ತು. ದೋಣಿ ಬರುವ ತನಕ ತಾಳಲಿಲ್ಲ. ಮುಖ ತೋರಿಸಲು ನಾಚಬೇಕಾದವನ ಈ ಅವಸರ ನನ್ನನ್ನು ಪ್ರತಿ ಸಲವೂ ಅಲುಗಿಸುತ್ತದೆ.

ದಡದಲ್ಲಿ ಮತ್ತೆ ಇದ್ದಲ ಬೆಂಕಿ. ಅದರ ಮೇಲೆ ಮೀನು, ಪಕ್ಕದಲ್ಲಿ ರೊಟ್ಟಿ. ಅವರು ಹಿಡಿದ 153 ಮೀನು ದಡ ಸೇರುವ ಮೊದಲೇ ಅಡುಗೆ ಸಿದ್ಧವಾಗಿತ್ತು. ವಿಚಾರಣೆ ಮೊದಲಾಗಲಿಲ್ಲ, ಊಟ ಮೊದಲಾಯಿತು. ತಪಸ್ಸುಕಾಲದಲ್ಲಿ ಪಾಪನಿವೇದನೆಗೆಂದು ಸಾಲಿನಲ್ಲಿ ನಿಂತು, ತಮ್ಮ ಸರದಿ ಬರುವಾಗ ಮೆಲ್ಲಗೆ ಹಿಂದೆ ಸರಿಯುವವರನ್ನು ಕಂಡರೆ ಈ ಬೆಂಕಿಯ ಹತ್ತಿರ ಅವರನ್ನು ಕೂರಿಸಬೇಕೆನಿಸುತ್ತದೆ.

ಉಂಡಾದ ಮೇಲೆ ಯೇಸು ಕೇಳಿದ್ದು ಅಂಗಳದ ಮಾತನ್ನಲ್ಲ. ನನ್ನ ಮೇಲೆ ಪ್ರೀತಿಯಿದೆಯೇ ಎಂದು. ಮೂರು ಸಲ. ಮೂರನೆಯ ಸಲ ಪೇತ್ರನಿಗೆ ನೋವಾಯಿತು. ಆಗಲೇಬೇಕಿತ್ತು, ಗಾಯ ಮುಟ್ಟದೆ ಮದ್ದು ಹಚ್ಚಲಾಗದು. ಪ್ರತಿ ಉತ್ತರಕ್ಕೂ ಒಂದು ಹೊಣೆ ಬಂತು: ಕುರಿಗಳನ್ನು ನೋಡಿಕೋ. ಬಿಟ್ಟು ಓಡಿದವನ ಕೈಗೇ ಮಂದೆ.

ಕೆಲವೇ ವಾರಗಳಲ್ಲಿ ಪೇತ್ರ, ಬಾಗಿಲ ಹುಡುಗಿಗೆ ಹೆದರಿದ್ದ ಅದೇ ಜೆರುಸಲೇಮಿನಲ್ಲಿ, ಜನಜಂಗುಳಿಯ ಮುಂದೆ ಯೇಸುವಿನ ಹೆಸರೆತ್ತಿ ಗಟ್ಟಿಯಾಗಿ ಮಾತಾಡಿದ. ಮಾತು ಎದೆಗೆ ನಾಟಿದವರು ಈಗೇನು ಮಾಡೋಣವೆಂದು ಕೇಳಿದಾಗ ಅವನು ಮೊದಲು ಹೇಳಿದ್ದು ಪಶ್ಚಾತ್ತಾಪದ ಮಾತನ್ನೇ. ಅಂದು ಸುಮಾರು 3,000 ಮಂದಿ ದೀಕ್ಷಾಸ್ನಾನ ಪಡೆದರು.